ದುರ್ಗಗಳ ನಡುವಣ ದೃಷ್ಟಿರೇಖೆ

ಮೈಸೂರು ಪ್ರಸ್ಥಭೂಮಿಯ ನೆಲವನ್ನು ಅಳೆದು ನಕಾಶೆಗೆ ಇಳಿಸಿದ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ಬಹುಕಾಲ ಬೇರೆಬೇರೆಯಾಗಿಯೇ ನಡೆದುಬಂದವು. ಒಂದು ಎತ್ತರದಿಂದ ಮತ್ತೊಂದು ಎತ್ತರ ಕಣ್ಣಿಗೆ ಬೀಳುತ್ತದೆಯೇ ಎಂಬುದು ಮೊದಲನೆಯದಾದರೆ, ಅವೆರಡರ ನಡುವಿನ ನೆಲ ಎಷ್ಟು ಕಡಿದಾಗಿ ಏರಿ ಇಳಿಯುತ್ತದೆ ಎಂಬುದು ಎರಡನೆಯದು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಮೊದಲನೆಯ ಪ್ರಶ್ನೆಗೆ ಅಂಗುಲಗಳ ಲೆಕ್ಕದಲ್ಲಿ ಉತ್ತರ ದೊರೆಯಿತು. ಎರಡನೆಯದು ಅಷ್ಟೇ ನಿಖರವಾಗಿ ಕಾಗದದ ಮೇಲೆ ಮೂಡಲು ಮತ್ತೆ ಒಂದು ಶತಮಾನ ಹಿಡಿಯಿತು.

ಈ ಎರಡು ಪ್ರಶ್ನೆಗಳು ಆ ನಕಾಶೆಗಳಿಗಿಂತ ಹಳೆಯವು. ಬೆಂಗಳೂರಿನ ಸುತ್ತಲಿನ ಸಾವನದುರ್ಗ, ನಂದಿದುರ್ಗ, ದೇವರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಕಬ್ಬಾಳದುರ್ಗ, ಮಾಕಳಿದುರ್ಗ ಮುಂತಾದ ಬೆಟ್ಟಗಳ ಮೇಲೆ ಪಾಳೆಯಗಾರರು ಕೋಟೆ ಕಟ್ಟಿದ್ದು ಈ ಎರಡೂ ಗುಣಗಳನ್ನು ಒಟ್ಟಿಗೆ ಬೇಡಿಯೇ: ಶತ್ರು ಹತ್ತಲಾಗದಷ್ಟು ಕಡಿದಾದ ಬಂಡೆಯೂ ಬೇಕಿತ್ತು, ಬುರುಜಿನ ಮೇಲೆ ನಿಂತ ಕಾವಲುಗಾರನಿಗೆ ಸುತ್ತಲ ಬಯಲೂ ಕಾಣಬೇಕಿತ್ತು. ಆದರೆ ಈ ಎರಡು ಗುಣಗಳು ಒಂದಕ್ಕೊಂದು ಪೂರ್ತಿ ಒಗ್ಗುವಂಥವಲ್ಲ. ಸುಮಾರು 1,226 ಮೀಟರ್ ಎತ್ತರದ, ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ತುದಿಗಳ ಸಾವನದುರ್ಗದಂಥ ಬೋಳುಬಂಡೆ ಗುಮ್ಮಟದಂತೆ ಉಬ್ಬಿಕೊಂಡಿರುವುದರಿಂದ, ತುದಿಯ ಹತ್ತಿರ ಸಪಾಟಾಗಿರುವ ಇಳಿಜಾರು ಕೆಳಗೆ ಹೋದಂತೆ ಕಡಿದಾಗುತ್ತದೆ. ಹೀಗಾಗಿ ಮೇಲೆ ನಿಂತವನಿಗೆ ಹತ್ತಾರು ಮೈಲಿಯಾಚೆಯ ಕೆರೆ ಕಂಡರೂ ತನ್ನದೇ ಬೆಟ್ಟದ ಬುಡ ಕಾಣುವುದಿಲ್ಲ. ಭೂಗೋಳದಲ್ಲಿ ಇದನ್ನು ಉಬ್ಬು ಇಳಿಜಾರು ಎನ್ನುತ್ತಾರೆ. ಇದಕ್ಕೆ ತದ್ವಿರುದ್ಧವಾದದ್ದು ತಗ್ಗು ಇಳಿಜಾರು: ಮೇಲ್ಭಾಗ ಕಡಿದಾಗಿ, ಬುಡದತ್ತ ಬಾಗಿ ಬಯಲಿನೊಡನೆ ಬೆರೆಯುವ ಈ ಇಳಿಜಾರಿನಲ್ಲಿ ತುದಿಯಿಂದ ಬುಡದವರೆಗೂ ದೃಷ್ಟಿಗೆ ತಡೆಯಿರುವುದಿಲ್ಲ. ಕಣ್ಣಿಗೆ ಮರೆಯಾಗುವ ನೆಲವೆಂದರೆ ಫಿರಂಗಿಗೂ ಎಟುಕದ ನೆಲ ಎಂಬುದು ಮುತ್ತಿಗೆಯ ಕಾಲದಲ್ಲಿ ಚಿಕ್ಕ ಸಂಗತಿಯಲ್ಲ. ಅಭೇದ್ಯವೆಂದು ಹೆಸರಾಗಿದ್ದ ನಂದಿದುರ್ಗವೂ ಸಾವನದುರ್ಗವೂ 1791ರ ಅಕ್ಟೋಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ವಶವಾದವು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಕಂಪನಿಯ ಸೈನ್ಯದ ವಶವಾದ ಮೇಲೆ, ಆ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಪರ್ಯಾಯದ್ವೀಪವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಜಾಲದಿಂದ ಅಳೆಯುವ ಯೋಜನೆಯನ್ನು ಕಂಪನಿ ಸರ್ಕಾರದ ಮುಂದಿಟ್ಟ. ಇದರ ತತ್ತ್ವ ಸರಳ: ಒಂದು ಗೆರೆಯ ಉದ್ದವನ್ನು ನೆಲದ ಮೇಲೆ ಅತ್ಯಂತ ಎಚ್ಚರದಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಒಂದು ಶಿಖರಕ್ಕೆ ಗುರಿಯಿಟ್ಟು ಕೋನಗಳನ್ನು ತಿಳಿದರೆ ಉಳಿದ ಎರಡು ಭುಜಗಳು ಲೆಕ್ಕದಿಂದಲೇ ಸಿಗುತ್ತವೆ, ಆ ಭುಜಗಳ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು, ಹೀಗೆ ಸರಪಳಿಯೇ ಬೇಡದೆ ನೂರಾರು ಮೈಲಿ ಸಾಗಬಹುದು. ಮೊದಲು ಅಳೆಯುವ ಆ ಗೆರೆಗೆ ಆಧಾರರೇಖೆ ಎಂದು ಹೆಸರು. ಲ್ಯಾಂಬ್ಟನ್‌ನ ಮೊದಲ ಆಧಾರರೇಖೆ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ, ಬಾಣಸವಾಡಿ ಮತ್ತು ಅಗರ ಗ್ರಾಮಗಳ ನಡುವೆ, ಸುಮಾರು ಏಳೂವರೆ ಮೈಲಿ ಉದ್ದಕ್ಕೆ ಹಾದುಹೋಯಿತು. ಅಳತೆಗೆ ಬಳಸಿದ ನೂರು ಅಡಿಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆಂದು ಇಂಗ್ಲೆಂಡಿನಿಂದ ಹೊರಟ ಉಡುಗೊರೆಗಳ ಜೊತೆಯಲ್ಲಿತ್ತು. ಅಲ್ಲಿ ಬೇಡವಾಗಿ ಕಲ್ಕತ್ತೆಯ ದಾರಿಯಾಗಿ ಮೈಸೂರಿನ ಬಯಲಿಗೆ ಬಂದು ಬಿದ್ದಿತ್ತು.

ಇಳಿಜಾರಿನ ಪ್ರಶ್ನೆ ಈ ಕೆಲಸದ ಮೊದಲ ದಿನವೇ ಎದುರಾಯಿತು. ಓರೆ ನೆಲದ ಮೇಲೆ ಹಾಸಿದ ಸರಪಳಿ ಸಮತಲದ ದೂರಕ್ಕಿಂತ ಹೆಚ್ಚಿನದನ್ನು ತೋರಿಸುತ್ತದೆ: ಐದು ಡಿಗ್ರಿ ಓರೆಯಲ್ಲಿ ನೂರು ಅಡಿಗೆ ನಾಲ್ಕೂವರೆ ಅಂಗುಲದಷ್ಟು ಅಂತರ ಬರುತ್ತದೆ, ಏಳೂವರೆ ಮೈಲಿ ಪೂರ್ತಿ ಅಷ್ಟೇ ಓರೆಯಿದ್ದರೆ ತಪ್ಪು 150 ಅಡಿಗೆ ಬೆಳೆಯುತ್ತದೆ, ಮತ್ತು ಆಧಾರರೇಖೆಯ ತಪ್ಪು ಅದರ ಮೇಲೆ ಕಟ್ಟಿದ ಪ್ರತಿಯೊಂದು ತ್ರಿಕೋನಕ್ಕೂ ಹಬ್ಬುತ್ತದೆ. ಆದ್ದರಿಂದ ಸರಪಳಿಯನ್ನು ಮರದ ದೋಣಿಗಳಲ್ಲಿಟ್ಟು, ಮುಕ್ಕಾಲಿಗಳ ಮೇಲೆ ಆನಿಸಿ, ಪ್ರತಿ ತುಂಡಿನ ಓರೆಯನ್ನೂ ಬಿಸಿಲಿಗೆ ಉಕ್ಕು ಹಿಗ್ಗುವುದನ್ನೂ ಲೆಕ್ಕ ಹಿಡಿದು ಕಳೆಯಲಾಯಿತು. ಇಷ್ಟು ಶ್ರಮಪಟ್ಟು ತಿಳಿದ ಇಳಿಜಾರನ್ನು ಉಳಿಸಿಕೊಳ್ಳುವುದಕ್ಕಲ್ಲ, ಅಳಿಸಿಹಾಕುವುದಕ್ಕೇ ಅಳೆಯಲಾಯಿತು ಎಂಬುದು ಗಮನಿಸಬೇಕಾದ ಮಾತು.

ದೃಷ್ಟಿರೇಖೆ, ಎಂದರೆ ನೋಡುವ ಕಣ್ಣಿನಿಂದ ಗುರಿಯವರೆಗೆ ತಡೆಯಿಲ್ಲದೆ ಸಾಗುವ ಗೆರೆ, ಮುಂದಿನ ಕೆಲಸವನ್ನೆಲ್ಲ ಆಳಿತು. ಭೂಮಿ ದುಂಡಗಿರುವುದರಿಂದ ದೂರ ಹೆಚ್ಚಿದಂತೆ ನೆಲ ದೃಷ್ಟಿಯಿಂದ ಕೆಳಗೆ ಜಾರುತ್ತದೆ, ಮತ್ತು ಈ ಜಾರುವಿಕೆ ಮೈಲಿಗಳ ವರ್ಗಕ್ಕೆ ಎಂಟು ಅಂಗುಲದಂತೆ ಬೆಳೆಯುತ್ತದೆ: ಹದಿನೈದು ಮೈಲಿಗೆ 150 ಅಡಿ, ಮೂವತ್ತು ಮೈಲಿಗೆ 600 ಅಡಿ. ಗಾಳಿಯಲ್ಲಿ ಬೆಳಕು ತುಸು ಬಾಗುವುದರಿಂದ ಇದರಲ್ಲಿ ಏಳನೆಯ ಒಂದು ಭಾಗದಷ್ಟು ಮರಳಿ ದಕ್ಕುತ್ತದೆ. ಒಂಟಿಯಾಗಿ ತಲೆಯೆತ್ತಿದ ಬೆಟ್ಟಗಳಿರುವ ಮೈಸೂರು ಸೀಮೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ನೆಲವಾಗಿತ್ತು. ಪಾಳೆಯಗಾರರು ಆರಿಸಿಕೊಂಡಿದ್ದ ಸಾವನದುರ್ಗ, ಪಾವಗಡಗಳಂಥ ತುದಿಗಳೇ ಲ್ಯಾಂಬ್ಟನ್‌ನ ಠಾಣ್ಯಗಳೂ ಆದವು. ತಂಜಾವೂರಿನ ಸಪಾಟು ನೆಲದಲ್ಲಿ ಬೆಟ್ಟಗಳಿಲ್ಲದೆ ದೇವಾಲಯದ ಗೋಪುರವನ್ನೇ ಬೆಟ್ಟವಾಗಿಸಬೇಕಾಯಿತು. 1808ರಲ್ಲಿ ಅಲ್ಲಿ ಅರ್ಧ ಟನ್ ತೂಕದ ಥಿಯೊಡೊಲೈಟ್ ಎಂಬ ಕೋನಮಾಪಕವನ್ನು ಮೇಲೆತ್ತುವಾಗ ಹಗ್ಗ ಹರಿದು ಅದು ಗೋಡೆಗೆ ಬಡಿಯಿತು, ಡೊಂಕಾದ ಅದರ ಚಕ್ರವನ್ನು ಲ್ಯಾಂಬ್ಟನ್ ಡೇರೆಯೊಳಗೆ ವಾರಗಟ್ಟಲೆ ಕುಳಿತು ತಾನೇ ಸರಿಪಡಿಸಿದ. ಮುಂದೆ ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಗಂಗಾ ಬಯಲಿನಲ್ಲಿ ಸುಮಾರು ಐವತ್ತು ಅಡಿಯ ಗೋಪುರಗಳನ್ನೇ ಕಟ್ಟಿಸಿದ್ದೂ ಇದೇ ಕಾರಣಕ್ಕೆ.

ಮದರಾಸಿನಿಂದ ಮಂಗಳೂರಿನವರೆಗೆ ಹಬ್ಬಿದ ಈ ತ್ರಿಕೋನಗಳು ಪರ್ಯಾಯದ್ವೀಪದ ಅಗಲ 360 ಮೈಲಿಯೆಂದು ತೋರಿಸಿದಾಗ ಅದನ್ನು 400 ಮೈಲಿಯೆಂದು ನಂಬಿದ್ದ ಹಳೆಯ ನಕಾಶೆಗಳು ಸುಳ್ಳಾದವು. ಬಾವುಟ ಹಿಡಿದು, ದೀಪ ಉರಿಸಿ, ಕಾಡುಬೆಟ್ಟಗಳ ಮೇಲೆ ವಾರಗಟ್ಟಲೆ ಕಾದು, ಜ್ವರಕ್ಕೆ ಬಲಿಯಾದ ಖಲಾಸಿಗಳಿಲ್ಲದೆ ಈ ಗೆರೆಗಳಲ್ಲಿ ಒಂದೂ ಪೂರ್ಣವಾಗುತ್ತಿರಲಿಲ್ಲ. ಅವರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿ ಇಲ್ಲದಿರುವುದು ಆ ಪುಸ್ತಕಗಳ ದೊಡ್ಡ ಕೊರತೆ.

ಆದರೆ ಹೀಗೆ ದೊರೆತದ್ದು ತುದಿಗಳ ಜಾಲ. ತುದಿಗಳ ನಡುವಿನ ನೆಲ ಖಾಲಿಯೇ ಇತ್ತು. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಸುಮಾರು 40,000 ಚದರ ಮೈಲಿಯನ್ನು ಸಮೀಕ್ಷೆ ಮಾಡಿಸಿದ ಕಾಲಿನ್ ಮೆಕೆಂಜಿ ಊರು, ಕೆರೆ, ದಾರಿಗಳನ್ನು ತುಂಬಿದ. ಬೆಟ್ಟದ ಕಡಿದನ್ನು ತೋರಿಸಲು ಮಾತ್ರ ಆ ಕಾಲದ ನಕಾಶೆಗಾರರಿಗೆಲ್ಲ ಇಳಿಜಾರಿನ ದಿಕ್ಕಿಗೆ ಎಳೆದ ಚಿಕ್ಕ ಗೀಟುಗಳೇ ಗತಿಯಾಗಿದ್ದವು. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಜರ್ಮನಿಯ ಸ್ಯಾಕ್ಸನಿಯ ಯೋಹಾನ್ ಗೆಯೋರ್ಗ್ ಲೇಮನ್, ನೆಲ ಕಡಿದಾದಷ್ಟೂ ಗೀಟು ದಪ್ಪವಾಗಬೇಕು, ಸಪಾಟು ನೆಲ ಬಿಳಿಯಾಗಿಯೂ 45 ಡಿಗ್ರಿಯ ಇಳಿಜಾರು ಪೂರ್ತಿ ಕಪ್ಪಾಗಿಯೂ ಕಾಣಬೇಕು ಎಂಬ ಪದ್ಧತಿಯನ್ನು ಪ್ರಕಟಿಸಿದ್ದ. ಅದು ನೋಡಲು ಚೆನ್ನ, ಆದರೆ ಅದರಿಂದ ಯಾವ ತಾಣದ ಎತ್ತರವೂ ತಿಳಿಯದು.

ಸಮಾನ ಎತ್ತರದ ಬಿಂದುಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಭಾರತೀಯ ಸರ್ವೇಕ್ಷಣಾ ಇಲಾಖೆಯ ಬಣ್ಣದ ಹಾಳೆಗಳಲ್ಲಿ ಕ್ರಮವಾಗಿ ಬರತೊಡಗಿದಾಗ, ಎರಡು ಪ್ರಶ್ನೆಗಳೂ ಒಂದೇ ಕಾಗದದಲ್ಲಿ ಕೂಡಿದವು. ರೇಖೆಗಳು ಒತ್ತಾಗಿದ್ದರೆ ಕಡಿದು, ವಿರಳವಾಗಿದ್ದರೆ ಸಪಾಟು. ಎರಡು ತಾಣಗಳ ನಡುವೆ ಗೆರೆಯೆಳೆದು, ಅದು ದಾಟುವ ಎತ್ತರಗಳನ್ನು ಒಂದು ಅಡ್ಡಕೊಯ್ತದ ಚಿತ್ರದಲ್ಲಿ ಗುರುತಿಸಿದರೆ, ಬೆಟ್ಟ ಹತ್ತದೆಯೇ ಒಂದರಿಂದ ಇನ್ನೊಂದು ಕಾಣುವುದೋ ಇಲ್ಲವೋ ತಿಳಿಯುತ್ತದೆ. ಈಗಿನ ಐವತ್ತು ಸಾವಿರಕ್ಕೆ ಒಂದರ ಹಾಳೆಗಳಲ್ಲಿ ರೇಖೆಗಳ ನಡುವಿನ ಎತ್ತರ 20 ಮೀಟರ್. ಅವು ಒಂದು ಮಿಲಿಮೀಟರ್ ಅಂತರದಲ್ಲಿದ್ದರೆ ನೆಲ ಸುಮಾರು 22 ಡಿಗ್ರಿ ಓರೆಯಿದೆ ಎಂದರ್ಥ, 45 ಡಿಗ್ರಿಗೆ ಆ ಅಂತರ 0.4 ಮಿಲಿಮೀಟರಿಗೆ ಇಳಿಯುತ್ತದೆ. ಸಾವನದುರ್ಗದ ಬಂಡೆಯಂಥ ಮೈಗಳು ಬಂದೊಡನೆ ರೇಖೆಗಳು ಒಂದರ ಮೇಲೊಂದು ಬಿದ್ದು ಓದಲಾಗದಂತಾಗುವುದರಿಂದ, ನಕಾಶೆಗಾರರು ಕಡಿಬಂಡೆಗಳಿಗೆ ಇಂದಿಗೂ ಚಿಕ್ಕ ಗೀಟುಗಳನ್ನೇ ಎಳೆಯುತ್ತಾರೆ.