ಮೂರು ಒಲೆಗಳ ಮನೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಿಗರ ಹಳೆಯ ಮನೆಗಳಲ್ಲಿ ಬೆಂಕಿಗೆ ಮೂರು ಠಾವುಗಳಿದ್ದವು. ಅಡುಗೆಮನೆಯ ಮಣ್ಣಿನ ಒಲೆ ಒಂದು. ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಕೂರಿಸಿದ ಒಲೆ ಇನ್ನೊಂದು. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಬೇಯಿಸುವ ದೊಡ್ಡ ಒಲೆ ಮೂರನೆಯದು. ಮೂರಕ್ಕೂ ಕಟ್ಟಿಗೆ ಬರಬೇಕಾದದ್ದು ಬೆಟ್ಟದಿಂದಲೇ. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂತಹ ಘಟ್ಟದಂಚಿನ ಊರುಗಳಲ್ಲಿ ಮಳೆಗಾಲ ಹಿಡಿದರೆ ಒಣ ಸೌದೆ ಸಿಗುವುದಿಲ್ಲ. ನಾಲ್ಕು ತಿಂಗಳಿಗೆ ಬೇಕಾದಷ್ಟನ್ನು ಬೇಸಿಗೆಯಲ್ಲೇ ಕಡಿದು, ಒಣಗಿಸಿ, ಮಾಡಿನಡಿ ಒಟ್ಟಿಡಬೇಕಿತ್ತು. ಈ ಮನೆಗಳು ತಮ್ಮ ಬೆಂಕಿಯನ್ನು ಕಿರಿದು ಮಾಡಿಕೊಂಡ ಬಗೆ ಒಂದು ಸ್ವಾರಸ್ಯಕರ ಇತಿಹಾಸ.

ಹಾಗೆಂದು ಹಳೆಯ ಮನೆ ದುಂದಿನದೇನೂ ಆಗಿರಲಿಲ್ಲ. ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಒಳಬಿಡುತ್ತಿತ್ತು. ಅಡಿಕೆ ಸೋಗೆಯ ಹೊದಿಕೆ ಬಿಸಿಲನ್ನು ತಡೆಯುತ್ತಿತ್ತು. ತಗ್ಗಾಗಿ ಇಳಿದ ಮಾಡು ಗೋಡೆಯನ್ನು ಮಳೆಯಿಂದ ಕಾಯುತ್ತಿತ್ತು. ಅಡುಗೆಯ ಹೊಗೆಗೂ ಕೆಲಸವಿತ್ತು: ಮಾಡಿನ ಮರಮಟ್ಟಿಗೆ ಹುಳು ಹಿಡಿಯದಂತೆ ನೋಡಿಕೊಳ್ಳುವುದು, ಅಟ್ಟದ ಮೇಲಿಟ್ಟ ಕಾಳುಕಡಿಯನ್ನು ಒಣಗಿಸುವುದು. ಆದರೆ ಈ ಉಪಕಾರದ ಬೆಲೆಯನ್ನು ತೆತ್ತವರು ಒಲೆಯ ಮುಂದೆ ಕೂತ ಹೆಂಗಸರು, ತಮ್ಮ ಕಣ್ಣು ಮತ್ತು ಶ್ವಾಸಕೋಶಗಳಿಂದ.

ಮೊದಲು ಬದಲಾದದ್ದು ಮಾಡು. ಬಾಸೆಲ್ ಮಿಷನ್ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹಂಚು ಕ್ರಮೇಣ ಘಟ್ಟದ ಮೇಲಿನ ಊರುಗಳಿಗೂ ಬಂತು. ವರ್ಷ ವರ್ಷ ಸೋಗೆ ಹೊದಿಸುವ ಕೆಲಸ ತಪ್ಪಿತು, ಬೆಂಕಿಯ ಭಯ ಕಡಿಮೆಯಾಯಿತು. ನಡುವೆ ಒಂದೆರಡು ಗಾಜಿನ ಹಂಚು ಕೂರಿಸಿದರೆ ಹಗಲಿನಲ್ಲಿ ದೀಪವೇ ಬೇಡ. ಬಿಸಿಲಿಗೆ ಹಂಚು ಸೋಗೆಗಿಂತ ಬೇಗ ಕಾಯುತ್ತದೆ, ನಿಜ. ಆದರೆ ಮೆತ್ತಿಯ ಹಲಗೆಯೂ ಹಂಚುಗಳ ಸಂದಿಯಲ್ಲಿ ಆಡುವ ಗಾಳಿಯೂ ಆ ಕಾವು ಕೆಳಗಿಳಿಯದಂತೆ ತಡೆದವು.

ಬೆಳಕು ಬಂದದ್ದು ತಡವಾಗಿ. ಸಿದ್ದಾಪುರದ ಪಕ್ಕದ ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಡಿನೊಳಗಿನ ಒಂಟಿ ಮನೆಗಳಿಗೆ ತಂತಿ ಮುಟ್ಟಲು ಮತ್ತೆ ದಶಕಗಳೇ ಹಿಡಿದವು. ಅಲ್ಲಿಯವರೆಗೆ ಚಿಮಣಿ ಬುಡ್ಡಿ, ಕಂದೀಲುಗಳೇ ಗತಿ.

ಕಟ್ಟಿಗೆಯ ಲೆಕ್ಕ ಮಾತ್ರ ಹಾಗೇ ಉಳಿದಿತ್ತು. ಈ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿತ್ತು. ಹಸಿ ಸೊಪ್ಪು, ದರಕು, ಸೌದೆಗಳೆಲ್ಲ ಅಲ್ಲಿಂದಲೇ. ತೋಟವಿಲ್ಲದವರಿಗೆ ಆ ಹಕ್ಕೂ ಇರಲಿಲ್ಲ. ಬೆಟ್ಟ ಬೋಳಾಗುತ್ತ ಬಂದ ಹೊತ್ತಿಗೆ, 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಡಿಯಲು ಗುರುತು ಮಾಡಿದ್ದ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಅದರ ಮಂತ್ರ ‘ಉಳಿಸು, ಬೆಳೆಸು, ಬಳಸು’. ಮೂರನೆಯ ಮಾತು ಮನೆಯೊಳಗಿನವರಿಗೂ ಅನ್ವಯಿಸಿತು. ಗುತ್ತಿಗೆದಾರನ ಕೊಡಲಿಯನ್ನು ತಡೆದವರು ತಮ್ಮ ಒಲೆಯ ಹಸಿವನ್ನೂ ನೋಡಬೇಕಿತ್ತಲ್ಲ? ಚಳವಳಿಯ ಕಾರ್ಯಕರ್ತರು ಸೌದೆ ಉಳಿಸುವ ಒಲೆಗಳ ಪ್ರಚಾರಕ್ಕೂ ತೊಡಗಿದರು.

ಅಂತಹ ಒಲೆಗಳಲ್ಲಿ ಹೆಸರು ಮಾಡಿದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ಇದನ್ನು ರೂಪಿಸಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಅಸ್ತ್ರ ಒಲೆಯಲ್ಲಿ ಬೆಂಕಿಯ ಗೂಡು ಮುಚ್ಚಿರುತ್ತದೆ, ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ. ಬಿಸಿ ಹೊಗೆ ಒಂದರ ನಂತರ ಒಂದು ಪಾತ್ರೆಯನ್ನು ತಾಗಿ, ಕೊನೆಗೆ ಹೊಗೆಕೊಳವೆಯಿಂದ ಹೊರಹೋಗುತ್ತದೆ. ಅಷ್ಟೇ ಅಡುಗೆಗೆ ಸೌದೆ ಎಷ್ಟೋ ಕಡಿಮೆ ಸಾಕು.

ಆದರೂ ಈ ಸೀಮೆಯ ಅಡುಗೆಮನೆಯನ್ನು ನಿಜಕ್ಕೂ ಬದಲಿಸಿದ್ದು ಗೋಬರ್ ಗ್ಯಾಸ್. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಕೊಟ್ಟಿಗೆಯಲ್ಲಿ ನಾಲ್ಕಾರು ದನಗಳಿದ್ದ ಮನೆಗೆ ಅದೇನೂ ಕಷ್ಟವಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆ 1981–82ರಲ್ಲಿ ಆರಂಭವಾಯಿತು. 1984ರಲ್ಲಿ ಬಂದ ದೀನಬಂಧು ಮಾದರಿ ಖರ್ಚನ್ನು ತಗ್ಗಿಸಿತು. ದೇಶದ ಎಷ್ಟೋ ಕಡೆ ಸಬ್ಸಿಡಿಯ ಸ್ಥಾವರಗಳು ಪಾಳುಬಿದ್ದರೂ ಇಲ್ಲಿ ಹಾಗಾಗಲಿಲ್ಲ. ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಶಿರಸಿಯನ್ನೇ ಯಶಸ್ಸಿನ ಉದಾಹರಣೆಯಾಗಿ ಎತ್ತಿ ತೋರಿಸಿತು. ಕಟ್ಟಿಕೊಟ್ಟವರು ಊರಿನ ಆಸುಪಾಸಿನವರೇ. ಕೆಟ್ಟರೆ ಬಂದು ರಿಪೇರಿ ಮಾಡುವ ಹೊಣೆಯೂ ಅವರದೇ.

ಇನ್ನೊಂದು ಕಾರಣ ತೋಟದಲ್ಲೇ ಇದೆ. ಒಲೆಗೆ ಗ್ಯಾಸ್ ಕೊಟ್ಟ ಸಗಣಿ ಗೊಬ್ಬರವಾಗಿ ಉಳಿಯುತ್ತದೆ. ಆ ಬಗ್ಗಡ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಉಳಿತಾಯ ಎರಡು ಕಡೆ ಫಲ ಕೊಟ್ಟಿತು. ದನವೂ ತೋಟವೂ ಇಲ್ಲದ ಕೂಲಿಕಾರರ ಮನೆಗೆ ಈ ಲೆಕ್ಕ ಕೂಡಿಬರಲಿಲ್ಲ. ಅವರಲ್ಲಿ ಅನೇಕರು 2016ರ ಉಜ್ವಲಾ ಯೋಜನೆಯ ಸಿಲಿಂಡರ್ ಬರುವವರೆಗೂ ಹೊಗೆಯಲ್ಲೇ ಉಳಿದರು.

ಈಗ ದೀಪದ ವಿಷಯ ಸುಲಭವಾಗಿದೆ. 60 ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಬಚ್ಚಲ ಹಂಡೆ ಮಾತ್ರ ಹಟಮಾರಿ. ಬಿಸಿಲು ಕಾಣದ ಆಷಾಢ, ಶ್ರಾವಣದಲ್ಲಿ ಸೋಲಾರ್ ಹೀಟರ್ ಕೈಕೊಡುತ್ತದೆ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಗಳೇ ಆಗ ಆಸರೆ.

ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಸೋರುತ್ತಲೂ ಇದೆ. ದನ ಸಾಕುವವರು ಕಡಿಮೆಯಾದಂತೆ ಗೋಬರ್ ಗ್ಯಾಸಿನ ಗುಂಡಿಗಳು ಬರಿದಾಗುತ್ತಿವೆ. ಹಂಚಿನ ಮನೆ ಕೆಡವಿ ತಾರಸಿ ಹಾಕಿದವರಿಗೆ ಬೇಸಿಗೆಯ ರಾತ್ರಿ ಫ್ಯಾನಿಲ್ಲದೆ ನಿದ್ದೆಯಿಲ್ಲ. ಹಳೆಯ ಮನೆಯನ್ನು ದುರಸ್ತಿ ಮಾಡಲು ಹೊರಟವರು ಮೊದಲು ಆ ಗೋಡೆ, ಮಾಡು, ಕೊಟ್ಟಿಗೆಗಳು ಈಗಾಗಲೇ ಏನೇನು ಉಳಿಸುತ್ತಿವೆ ಎಂದು ಲೆಕ್ಕ ಹಾಕುವುದು ಒಳಿತು. ಹೊಸ ಯಂತ್ರ ಕೊಳ್ಳುವ ಮಾತು ಅದರ ನಂತರದ್ದು.