ಅಗ್ಗದ ಕಾರಿನ ಅರ್ಧ ಶತಮಾನ: ಬೆಂಗಳೂರಿನಿಂದ ಭಾಗ್ಯನಗರದವರೆಗೆ

ಗುಂತಕಲ್ಲು–ಹುಬ್ಬಳ್ಳಿ ರೈಲುಹಳಿಯ ಒಂದು ಬದಿಗೆ ಕೊಪ್ಪಳ, ಇನ್ನೊಂದು ಬದಿಗೆ ಭಾಗ್ಯನಗರ. ನೇಕಾರಿಕೆಗೂ ತಲೆಗೂದಲ ವ್ಯಾಪಾರಕ್ಕೂ ಹೆಸರಾದ ಈ ಪಟ್ಟಣದವರ ದಿನನಿತ್ಯದ ಓಡಾಟ ಹೆಚ್ಚಾಗಿ ಹಳಿಯ ಆಚೆ ಈಚೆಯ ಬ್ಯಾಂಕು, ಬಜಾರು, ಆಸ್ಪತ್ರೆ, ಶಾಲೆಗಳಿಗಷ್ಟೇ ಆಗಿರುವುದರಿಂದ ಇಲ್ಲಿ ಕಾರೆಂದರೆ ಉದ್ದದ ಡಿಕ್ಕಿಯ ದೊಡ್ಡ ಗಾಡಿಗಿಂತ ಇಕ್ಕಟ್ಟಿನ ಓಣಿಯಲ್ಲಿ ತಿರುಗಬಲ್ಲ ಚಿಕ್ಕ ಹ್ಯಾಚ್‌ಬ್ಯಾಕ್, ಅಂದರೆ ಹಿಂಬದಿಯ ಗಾಜು ಬಾಗಿಲಿನೊಡನೆ ಮೇಲೆತ್ತಿಕೊಳ್ಳುವ, ಡಿಕ್ಕಿಯೂ ಆಸನಗಳೂ ಒಂದೇ ಕೋಣೆಯಲ್ಲಿರುವ ಗಾಡಿಯೇ ಉಪಯುಕ್ತ. ಇಂಥ ಗಾಡಿ ನೇಕಾರನ, ಶಿಕ್ಷಕಿಯ, ಕಿರಾಣಿ ಅಂಗಡಿಯವನ ಕೈಗೆಟಕುವ ಬೆಲೆಗೆ ಬರಲು ಹಿಡಿದ ಕಾಲವನ್ನು ನೋಡಿದರೆ, ಅತಿ ಅಗ್ಗದ ಕಾರು ಗೆದ್ದ ಉದಾಹರಣೆ ಒಂದೂ ಸಿಗುವುದಿಲ್ಲ. ಗೆದ್ದದ್ದು ಊರಿನ ಗ್ಯಾರೇಜಿನಲ್ಲಿ ರಿಪೇರಿಯಾಗುವ, ಮಾರುವಾಗ ನಾಲ್ಕು ಕಾಸು ಹುಟ್ಟಿಸುವ ಕಾರು.

ಸಾಲಾರ್ ಜಂಗ್ ಮನೆತನದ ಜಹಗೀರಾಗಿ ನಿಜಾಮನ ಸೀಮೆಗೆ ಸೇರಿದ್ದ ಕೊಪ್ಪಳ, 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾದ ಬಳಿಕ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆ ಕಾಲದಲ್ಲಿ ದೇಶದೊಳಗೆ ಕಾರು ತಯಾರಿಸುವ ಪರವಾನಗಿ ಕೆಲವೇ ಕಂಪನಿಗಳ ಕೈಯಲ್ಲಿತ್ತು: ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್‌ನ ಅಂಬಾಸಡರ್, ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್, 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇವುಗಳಲ್ಲಿ ಹೆರಾಲ್ಡನ್ನು ಚಿಕ್ಕ ಕಾರೆಂದು ಕರೆಯಬಹುದಾದರೂ ಅದೂ ಮಧ್ಯಮವರ್ಗದ ಸಂಬಳಕ್ಕೆ ಎಟುಕುವಂಥದಾಗಿರಲಿಲ್ಲ. ಜನಸಾಮಾನ್ಯರಿಗೆ ಅಗ್ಗದ ಕಾರೊಂದನ್ನು ಮಾಡಿಸಬೇಕೆ ಎಂಬ ಪ್ರಶ್ನೆಯನ್ನು 1959ರಲ್ಲಿ ಎಲ್. ಕೆ. ಝಾ ಅವರ ಸಮಿತಿ ಪರಿಶೀಲಿಸಿತಾದರೂ, ಬಸ್ಸು ಲಾರಿಗಳಿಗೇ ಉಕ್ಕು ಸಾಲದ ದೇಶದಲ್ಲಿ ಅದು ಇಪ್ಪತ್ತು ವರ್ಷ ಕಡತದಲ್ಲೇ ಉಳಿಯಿತು.

ಈ ನಡುವೆ ಕರ್ನಾಟಕದಲ್ಲೇ ಒಂದು ಪ್ರಯತ್ನ ನಡೆಯಿತೆಂಬುದು ಇಂದು ಬಹುತೇಕ ಮರೆತುಹೋಗಿದೆ. 1970ರ ದಶಕದ ನಡುವೆ ಬೆಂಗಳೂರಿನ ಸನ್‌ರೈಸ್ ಕಂಪನಿ, ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದದ್ದು, ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ಹೊರತಂದಿತು. ಅದರ ಎಂಜಿನ್ 198 ಸಿಸಿಯದು; ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರುಗಳೊಳಗಿನ ಗಾತ್ರದ ಅಳತೆಯಾದ್ದರಿಂದ, ಸ್ಕೂಟರಿನಷ್ಟೇ ಚಿಕ್ಕ ಎಂಜಿನ್ನು ಒಂದು ಕುಟುಂಬವನ್ನು ಹೊತ್ತು ಎಳೆಯಬೇಕಿತ್ತು ಎಂದು ಹೇಳಿದರೆ ವಿಷಯ ಸ್ಪಷ್ಟವಾದೀತು. 1982ರಲ್ಲಿ ಅದೇ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸವನ್ನು ತಂದು ‘ಡಾಲ್ಫಿನ್’ ಹೆಸರಿನಲ್ಲಿ ಮಾರತೊಡಗಿತು. 848 ಸಿಸಿಯ ಈ ಹಗುರ ಗಾಡಿ ಓಟದಲ್ಲಿ ಚುರುಕಾಗಿತ್ತು, ರ‍್ಯಾಲಿ ಸ್ಪರ್ಧೆಗಳಲ್ಲೂ ಕಾಣಿಸಿಕೊಂಡಿತು. ಆದರೆ ಅದಕ್ಕೆ ಎರಡೇ ಬಾಗಿಲು, ಮೈ ಇಡೀ ಫೈಬರ್‌ಗ್ಲಾಸಿನದು, ಅಂದರೆ ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಎರಕ ಮಾಡಿದ ಹಾಳೆಯದು. ತಗಡಿನ ಮೈ ತಗ್ಗು ಬಿದ್ದರೆ ಯಾವ ಊರಿನ ಟಿಂಕರಿಂಗ್ ಅಂಗಡಿಯವನೂ ಸುತ್ತಿಗೆಯಿಂದ ತಟ್ಟಿ, ಬೆಸುಗೆ ಹಾಕಿ, ಪುಟ್ಟಿ ತುಂಬಿ, ಬಣ್ಣ ಹೊಡೆದು ಕೊಟ್ಟಾನು. ಬಿರುಕು ಬಿಟ್ಟ ಫೈಬರ್‌ಗೆ ಅವನ ಸುತ್ತಿಗೆಯೂ ಗ್ಯಾಸ್ ಬೆಸುಗೆಯೂ ಉಪಯೋಗಕ್ಕೆ ಬರುವುದಿಲ್ಲ. ಬೆಂಗಳೂರಿನಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೊಪ್ಪಳದಂಥ ಊರಿಗೆ ಈ ಒಂದು ಕಾರಣವೇ ಸಾಕಾಗುತ್ತಿತ್ತು. ಹೆಚ್ಚಿನ ಬಾಗಿಲುಗಳುಳ್ಳ ‘ಮೊಂಟಾನಾ’ವನ್ನು ಸಿಪಾನಿ 1987ರಲ್ಲಿ ಹೊರತರುವ ವೇಳೆಗೆ ಗ್ರಾಹಕರು ಬೇರೆ ಕಡೆ ಹೋಗಿ ಆಗಿತ್ತು.

ಅವರು ಹೋದದ್ದು ಮಾರುತಿಯ ಕಡೆಗೆ. 1970ರ ದಶಕದಲ್ಲಿ ಸಂಜಯ ಗಾಂಧಿಯವರ ಮಾರುತಿ ಯೋಜನೆ ಕಾರು ಮಾಡಲಾರದೆ ಮುಳುಗಿದ ನಂತರ ಅದೇ ಹೆಸರಿನ ಸರ್ಕಾರಿ ಕಂಪನಿ 1981ರಲ್ಲಿ ಹುಟ್ಟಿತು. ಮರುವರ್ಷ ಜಪಾನಿನ ಸುಜುಕಿಯೊಡನೆ ಒಪ್ಪಂದವಾಯಿತು. ಸುಜುಕಿಯ ಪಾಲು ಆರಂಭದಲ್ಲಿ ಶೇ. 26 ಮಾತ್ರ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಬೀಗದ ಕೈ ಹಸ್ತಾಂತರಿಸಿದರು. ಮೂರು ಸಿಲಿಂಡರಿನ, 796 ಸಿಸಿಯ ಆ ಕಾರಿನ ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು, ಅಂದಿನ ಲೆಕ್ಕಕ್ಕೆ ಅದೇನೂ ಅಗ್ಗವಲ್ಲ. ಆದರೂ ಜನ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದರು, ಕಾಯಲಾರದವರು ಮೇಲುಹಣ ಕೊಟ್ಟು ಕೊಂಡರು. 1986ರಲ್ಲಿ ಆಕಾರ ಬದಲಿಸಿಕೊಂಡ ಮಾರುತಿ 800ರ ನಿಜವಾದ ಬಲ ಅದರ ಏಕರೂಪತೆಯಲ್ಲಿತ್ತು. ಸುಮಾರು ಮೂರು ದಶಕ ಮೂಲ ಎಂಜಿನ್ ಅದೇ ಆಗಿದ್ದ ಕಾರಣ ಕ್ಲಚ್ ಪ್ಲೇಟು, ಬ್ರೇಕ್ ಶೂ, ಫ್ಯಾನ್ ಬೆಲ್ಟುಗಳು ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತಿದ್ದವು, ಲಾರಿ, ಜೀಪು ಬಿಚ್ಚಿ ಪಳಗಿದ ಮೆಕ್ಯಾನಿಕ್‌ಗೂ ಅದನ್ನು ಕಲಿಯಲು ಬಹಳ ದಿನ ಹಿಡಿಯಲಿಲ್ಲ.

1991ರ ಉದಾರೀಕರಣದ ಮುಂದುವರಿಕೆಯಾಗಿ 1993ರಲ್ಲಿ ಕಾರು ತಯಾರಿಕೆಯ ಪರವಾನಗಿಯ ಬೇಲಿಯನ್ನು ತೆಗೆದ ಮೇಲೆ, 1998ರಲ್ಲಿ ಹುಂಡೈ ಸ್ಯಾಂಟ್ರೊ, ಡೇವೂ ಮಾಟಿಜ್, ವರ್ಷದ ಕೊನೆಗೆ ಟಾಟಾ ಇಂಡಿಕಾ ಬಂದವು. 2000ದಲ್ಲಿ ಆಲ್ಟೊ ಬಂತು. ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಜಿಲ್ಲೆಯಾದ ಕೊಪ್ಪಳಕ್ಕೆ ಕೆಎ-37 ಎಂಬ ತನ್ನದೇ ನೋಂದಣಿ ಸಂಕೇತ ದೊರೆತದ್ದು ಈ ಗಾಡಿಗಳು ಹೊರಬಂದ ಕಾಲಕ್ಕೆ. ‘ಚಿಕ್ಕ ಕಾರು’ ಎಂಬುದಕ್ಕೆ ಕಾಯಿದೆಯ ಅಳತೆ ಸಿಕ್ಕಿದ್ದು ಇನ್ನೂ ತಡವಾಗಿ: 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಅಂದಿನಿಂದ ಕಾರಿನ ಉದ್ದವನ್ನು ಎಂಜಿನಿಯರನಷ್ಟೇ ತೆರಿಗೆಯ ಅಧಿಕಾರಿಯೂ ನಿರ್ಧರಿಸುತ್ತಿದ್ದಾನೆ.

ಅಗ್ಗದ ಪೈಪೋಟಿಯ ತುದಿ ಟಾಟಾ ನ್ಯಾನೊ. ಒಂದು ಲಕ್ಷ ರೂಪಾಯಿಯ ಕಾರೆಂದು 2008ರ ಜನವರಿಯಲ್ಲಿ ಪ್ರದರ್ಶನಗೊಂಡ ಇದರ ಕಾರ್ಖಾನೆ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಎದ್ದಾಗ ಕರ್ನಾಟಕ ಸರ್ಕಾರವೂ ಧಾರವಾಡದ ಬಳಿ ಜಾಗ ಕೊಡಲು ಮುಂದಾಗಿತ್ತು. ಕಾರ್ಖಾನೆ ಗುಜರಾತಿನ ಸಾಣಂದಕ್ಕೆ ಹೋಯಿತು. ನೋಡಲು ಹ್ಯಾಚ್‌ಬ್ಯಾಕ್ ಆಗಿದ್ದರೂ ನ್ಯಾನೊದ ಹಿಂಬಾಗಿಲು 2015ರವರೆಗೆ ಹೊರಗಿನಿಂದ ತೆರೆಯುತ್ತಲೇ ಇರಲಿಲ್ಲ. ಅಕ್ಕಿಯ ಚೀಲವನ್ನು ಹಿಂದಿನ ಆಸನ ಮಡಚಿ ಒಳಗಿನಿಂದಲೇ ತುರುಕಬೇಕಾಗುತ್ತಿತ್ತು. ಕೊಪ್ಪಳ ಜಿಲ್ಲೆಯದೇ ಆದ ಗಂಗಾವತಿಯ ಭತ್ತದ ಸೀಮೆಯವನಿಗೆ ಇದಕ್ಕಿಂತ ದೊಡ್ಡ ದೋಷ ಬೇಕಿಲ್ಲ. ‘ಎಲ್ಲಕ್ಕಿಂತ ಅಗ್ಗದ್ದು’ ಎಂಬ ಹೆಸರೂ ಕೊಳ್ಳುವವನ ಮಾನಕ್ಕೆ ಒಗ್ಗಲಿಲ್ಲ. 2018ಕ್ಕೆ ತಯಾರಿಕೆ ನಿಂತಿತು. ಮಾರುತಿ 800 ಅದಕ್ಕೆ ನಾಲ್ಕು ವರ್ಷ ಮೊದಲೇ ನಿಂತಿತ್ತು.

2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6, ಅಂದರೆ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ನಿಯಮವೂ, ಅಪಘಾತದಲ್ಲಿ ಉಬ್ಬಿ ತಲೆ ಎದೆ ಕಾಯುವ ಏರ್‌ಬ್ಯಾಗನ್ನು ಮುಂದಿನ ಎರಡೂ ಆಸನಗಳಿಗೆ ಕಡ್ಡಾಯಗೊಳಿಸಿದ ಆದೇಶವೂ ಚಿಕ್ಕ ಕಾರಿನ ಬೆಲೆಯನ್ನು ಏರಿಸಿದವು. ಜೀವ ಉಳಿಸುವ ಖರ್ಚನ್ನು ದುಬಾರಿಯೆಂದು ದೂರುವುದು ನ್ಯಾಯವಲ್ಲ. ಆದರೆ ಶೋರೂಮಿನ ದರದ ಮೇಲೆ ಕರ್ನಾಟಕದ ಆಜೀವ ತೆರಿಗೆ (ಐದು ಲಕ್ಷದೊಳಗಿನ ಕಾರಿಗೆ ಶೇ. 13, ಅದರ ಮೇಲೊಂದು ಸೆಸ್ಸು), ವಿಮೆ, ನೋಂದಣಿ ಸೇರಿ ಆಗುವ ‘ಆನ್‌ರೋಡ್’ ಬೆಲೆಯನ್ನು ಕೂಡಿಸಿದ ಮೇಲೆ ಅನೇಕರು ಹಳೆಯ ಗಾಡಿಯತ್ತ ತಿರುಗುವುದು ಸಹಜ. ಅಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು: ಹಿಂದಿನ ಮಾಲೀಕನ ಸಾಲದ ನಮೂದು ಅದರಲ್ಲಿ ಉಳಿದಿದ್ದರೆ ಬ್ಯಾಂಕಿನ ಒಪ್ಪಿಗೆಯೊಡನೆ ನಮೂನೆ 35 ಸಲ್ಲಿಸಿ ಅಳಿಸದ ಹೊರತು ಹಣ ಕೊಡಬಾರದು, ಹದಿನೈದು ವರ್ಷ ತುಂಬುತ್ತಿರುವ ಗಾಡಿಗೆ ನೋಂದಣಿ ನವೀಕರಣದ ಖರ್ಚನ್ನೂ ಸೇರಿಸಬೇಕು. ಹೊಸ ಗಾಡಿಯ ಕಡೆಗಾದರೆ, 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿನ ಜಿಎಸ್‌ಟಿ, ಸೆಸ್ಸು ಸೇರಿ ಶೇ. 29 ಇದ್ದದ್ದು, 18ಕ್ಕೆ ಇಳಿದು, ಆಲ್ಟೊ ಕೆ10ರ ಆರಂಭಿಕ ದರ ಆಗ 3.70 ಲಕ್ಷದ ಆಸುಪಾಸಿಗೆ ಬಂತು.