ಹನ್ನೆರಡು ಮರದ ಸಿಪಾಯಿಗಳು: ಆಟಿಕೆಯ ಸೈನ್ಯವೂ ಚರಿತ್ರೆಯ ಆಧಾರವೂ

ಶಾಸನ, ನಾಣ್ಯ, ಓಲೆಯ ಗ್ರಂಥ, ಕಡತ ಇವುಗಳನ್ನು ಚರಿತ್ರೆಗೆ ಆಧಾರಗಳೆಂದು ಒಪ್ಪುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಮಕ್ಕಳು ಆಡಿ ಬಿಸುಟ ಬೊಂಬೆಗಳನ್ನೂ ಈ ಸಾಲಿಗೆ ಸೇರಿಸಬಹುದೆ ಎಂದು ಕೇಳಿದರೆ ಹಲವರು ಸಂದೇಹಪಡುವರು. ಸಂದೇಹಕ್ಕೆ ಕಾರಣವೂ ಉಂಟು. ಬೊಂಬೆಯ ಮೇಲೆ ಮಾಡಿದವನ ಹೆಸರಿರುವುದಿಲ್ಲ. ಕಾಲವನ್ನು ಸೂಚಿಸುವ ಗುರುತಿರುವುದಿಲ್ಲ. ಅದರ ಒಡೆಯನು ದೊಡ್ಡವನಾದೊಡನೆ ಅದನ್ನು ಮರೆಯುತ್ತಾನೆ. ಹೀಗಿದ್ದರೂ, ಅಂಗಡಿಯಿಂದ ತಂದ ಒಂದು ಪೆಟ್ಟಿಗೆ ಮರದ ಸಿಪಾಯಿಗಳಿಂದ ಒಂದು ಸಾಹಿತ್ಯವೇ ಹುಟ್ಟಿದುದಕ್ಕೆ ನಿದರ್ಶನವಿದೆ. ಆ ನಿದರ್ಶನವನ್ನು ಪರಿಶೀಲಿಸಿ, ಆಟಿಕೆಯು ಯಾವ ಸಂದರ್ಭದಲ್ಲಿ ಆಧಾರವಾಗಬಲ್ಲದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕಿರಿದಾದ ಸೈನಿಕ ಪ್ರತಿಮೆಗಳು ಬಹು ಪ್ರಾಚೀನವಾದುವು. ಈಜಿಪ್ಟಿನ ಅಸ್ಯೂಟ್ ಎಂಬಲ್ಲಿ ಮೆಸೆಹ್ತಿಯೆಂಬ ಅಧಿಕಾರಿಯ ಸಮಾಧಿಯಲ್ಲಿ 40 ಮಂದಿ ಈಜಿಪ್ಟಿನ ಭರ್ಜಿಗಾರರ ಮತ್ತು 40 ಮಂದಿ ನ್ಯೂಬಿಯದ ಬಿಲ್ಲಾಳುಗಳ ಮರದ ಪ್ರತಿಮೆಗಳು ದೊರೆತಿವೆ. ಅವು ಸುಮಾರು ನಾಲ್ಕು ಸಹಸ್ರ ವರ್ಷಗಳಷ್ಟು ಹಳೆಯವು. ಆದರೆ ಅವನ್ನು ಆಟಿಕೆಗಳೆನ್ನಲಾಗದು. ಸತ್ತವನಿಗೆ ಪರಲೋಕದಲ್ಲಿ ಕಾವಲಾಗಲೆಂದು ಇಟ್ಟವು. ಮಕ್ಕಳ ಕೈಗೆ ಬಂದ ಸಿಪಾಯಿಗಳು ಹೇರಳವಾದುದು ಯೂರೋಪಿನಲ್ಲಿ 18ನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹಿಲ್ಪರ್ಟ್ ಎಂಬ ತವರದ ಕೆಲಸಗಾರನ ಮನೆತನದವರು ಚಪ್ಪಟೆಯಾದ ತವರದ ಸಿಪಾಯಿಗಳನ್ನು ಎರಕ ಹೊಯ್ದು ಪ್ರಸಿದ್ಧರಾದರು. ಸ್ಯಾಕ್ಸನಿಯ ಬೆಟ್ಟದ ಸೀಮೆಯಲ್ಲಿ, ಗಣಿಯ ಕೆಲಸ ಕುಗ್ಗಿದ ಮೇಲೆ, ಜನರು ತಿರುಗಣೆ ಹಿಡಿದು ಮರದ ಆಟಿಕೆಗಳನ್ನು ಮಾಡತೊಡಗಿದರು. ಕುದುರೆ, ಆನೆ ಮೊದಲಾದ ಪ್ರಾಣಿಗಳನ್ನು ಮಾಡುವುದರಲ್ಲಿ ಅವರದೊಂದು ವಿಶೇಷ ವಿಧಾನವುಂಟು. ಹಸಿಮರದ ಬಿಲ್ಲೆಯನ್ನು ಬಳೆಯಾಕಾರವಾಗಿ ಕಡೆಯುವರು. ಬಳೆಯ ಅಡ್ಡಕೊಯ್ತವು ಪ್ರಾಣಿಯ ಪಾರ್ಶ್ವರೂಪವನ್ನು ತಾಳುವಂತೆ ಒಳಗೂ ಹೊರಗೂ ಉಳಿ ಆಡಿಸುವರು. ಬಳಿಕ ಹೋಳಿಗೆಯನ್ನು ತುಂಡರಿಸುವಂತೆ ಬಳೆಯನ್ನು ಸೀಳಿದರೆ, ಒಂದೇ ಅಚ್ಚಿನ ಹತ್ತಾರು ಪ್ರಾಣಿಗಳು ಹೊರಬೀಳುವುವು. ಆಮೇಲೆ ಕೈಯಿಂದ ಕೆತ್ತಿ, ಬಣ್ಣ ಬಳಿದು ಪೂರ್ತಿಮಾಡುವರು. ಬಡವರ ಕೈಕೆಲಸವಾದುದರಿಂದ ಇಂಥ ಮರದ ಆಟಿಕೆಗಳು ಅಗ್ಗವಾಗಿ ದೊರೆಯುತ್ತಿದ್ದುವು. ಸಾಮಾನ್ಯ ಮನೆಗಳ ಮಕ್ಕಳಿಗೂ ಅವು ದಕ್ಕಿದುವು.

ಇಂಥದೊಂದು ಸಾಮಾನ್ಯ ಮನೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಹಾವರ್ತ್ ಗ್ರಾಮದಲ್ಲಿದ್ದ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆಯವರದು. 1821ರಲ್ಲಿ ಅವರ ಪತ್ನಿ ತೀರಿಕೊಂಡರು. 1825ರಲ್ಲಿ ಹಿರಿಯ ಹೆಣ್ಣುಮಕ್ಕಳಿಬ್ಬರೂ ಒಂದು ತಿಂಗಳು ಚಿಲ್ಲರೆ ಅವಧಿಯೊಳಗೆ ಒಬ್ಬರ ಹಿಂದೊಬ್ಬರು ಮೃತರಾದರು. ಉಳಿದವರು ಷಾರ್ಲಟ್, ಬ್ರಾನ್‌ವೆಲ್, ಎಮಿಲಿ, ಆನ್ ಎಂಬ ನಾಲ್ವರು. 1826ರ ಜೂನ್ ತಿಂಗಳಲ್ಲಿ ತಂದೆಯು ಲೀಡ್ಸ್ ಪಟ್ಟಣದಿಂದ ಮಗನಿಗಾಗಿ ಒಂದು ಪೆಟ್ಟಿಗೆ ಮರದ ಸಿಪಾಯಿಗಳನ್ನು ತಂದರು. ಆಗ ಷಾರ್ಲಟಳಿಗೆ ಹತ್ತು ವರ್ಷ. ಎಲ್ಲರಿಗೂ ಕಿರಿಯಳಾದ ಆನಳಿಗೆ ಆರು. ಈ ಹನ್ನೆರಡು ಸಿಪಾಯಿಗಳನ್ನು ಮಕ್ಕಳು ‘ತರುಣರು’ ಎಂದು ಕರೆದು, ಅವರಿಗೆ ಹೆಸರು, ದೇಶ, ರಾಜಧಾನಿ, ಯುದ್ಧ, ಪತ್ರಿಕೆಗಳನ್ನು ಕಲ್ಪಿಸಿದರು.

ಆ ಸಿಪಾಯಿಗಳಲ್ಲಿ ಒಂದಾದರೂ ಇಂದು ಉಳಿದಿಲ್ಲ. ಅವುಗಳ ವಿಷಯವಾಗಿ ನಮಗಿರುವ ಆಧಾರಗಳು ಮುಖ್ಯವಾಗಿ ಎರಡು: ಷಾರ್ಲಟ್ 1829ರಲ್ಲಿ ಬರೆದಿಟ್ಟ ಒಂದು ಚಿಕ್ಕ ವೃತ್ತಾಂತ, ಬ್ರಾನ್‌ವೆಲ್ 1830–31ರಲ್ಲಿ ಬರೆದ ‘ತರುಣರ ಚರಿತ್ರೆ’. ಇವೆರಡನ್ನೂ ಹೋಲಿಸಿ ನೋಡತಕ್ಕದ್ದು.

ಷಾರ್ಲಟಳ ವೃತ್ತಾಂತದಂತೆ, ತಂದೆಯು ಮನೆಗೆ ಬಂದುದು ರಾತ್ರಿಯಲ್ಲಿ. ಮರುದಿನ ಬೆಳಗ್ಗೆ ಬ್ರಾನ್‌ವೆಲ್ ಪೆಟ್ಟಿಗೆಯನ್ನು ಹಿಡಿದುಕೊಂಡು ಅಕ್ಕತಂಗಿಯರ ಕೋಣೆಯ ಬಾಗಿಲಿಗೆ ಬಂದನು. ಅವಳು ಹಾಸಿಗೆಯಿಂದ ಹಾರಿ ಎದ್ದು, ಎಲ್ಲಕ್ಕೂ ಅಂದವಾದ ಸಿಪಾಯಿಯನ್ನು ತಾನೇ ಕಸಿದುಕೊಂಡು, ಅದಕ್ಕೆ ವೆಲಿಂಗ್‌ಟನ್ ಡ್ಯೂಕನ ಹೆಸರಿಟ್ಟಳು. ಎಮಿಲಿ ಆರಿಸಿದುದು ಗಂಭೀರ ಮುಖದ್ದು. ಆನಳದು ಅವಳಂತೆಯೇ ಪುಟ್ಟದು. ಬ್ರಾನ್‌ವೆಲ್ ಬೋನಪಾರ್ಟನನ್ನು ಆರಿಸಿಕೊಂಡನು. ಬ್ರಾನ್‌ವೆಲ್ಲನ ಬರೆಹದಲ್ಲಿ ಸಂಗತಿ ಬೇರೆಯಾಗಿದೆ. ತಾನೇ ಸೋದರಿಯರಿಗೆ ಒಂದೊಂದನ್ನು ಕೊಟ್ಟುದಾಗಿಯೂ, ಅವರು ನೋಡಿಕೊಳ್ಳಬೇಕಾದುದಷ್ಟೇ, ಒಡೆತನವೂ ವಿನಿಯೋಗದ ಹಕ್ಕೂ ತನ್ನವೇ ಆಗಿದ್ದುವೆಂದೂ ಅವನು ಹೇಳುತ್ತಾನೆ. ಬೊಂಬೆಗಳ ಹೆಸರುಗಳಲ್ಲಿಯೂ ವ್ಯತ್ಯಾಸವಿದೆ.

ಒಂದೇ ಘಟನೆಯನ್ನು ಕಂಡ ಇಬ್ಬರು ಸಾಕ್ಷಿಗಳು, ಐದು ವರ್ಷಗಳೊಳಗಾಗಿಯೇ, ಒಬ್ಬರು ‘ಕಸಿದುಕೊಂಡೆ’ ಎನ್ನುವರು, ಮತ್ತೊಬ್ಬರು ‘ಕೊಟ್ಟೆ’ ಎನ್ನುವರು. ದಾನಶಾಸನವೊಂದನ್ನೂ ಅದೇ ಭೂಮಿಯ ಕುರಿತಾದ ವ್ಯಾಜ್ಯದ ನಿರೂಪವನ್ನೂ ಒಟ್ಟಿಗೆ ಓದಿದವರಿಗೆ ಇದು ಹೊಸದಲ್ಲ. ಇವರಲ್ಲಿ ಯಾರದು ನಿಜವೆಂದು ತೀರ್ಮಾನಿಸುವುದಕ್ಕಿಂತಲೂ, ಇಬ್ಬರೂ ಏನನ್ನು ಸ್ಥಾಪಿಸಲು ಬರೆದರೆಂಬುದನ್ನು ಗಮನಿಸುವುದು ಮೇಲು. ಅಣ್ಣತಂಗಿಯರ ಈ ರಾಜ್ಯದಲ್ಲಿ ಅಧಿಕಾರವು ಯಾರದೆಂಬ ಪ್ರಶ್ನೆ ಮೊದಲ ದಿನದಿಂದಲೇ ಇದ್ದಿತು. ಆ ರಾಜ್ಯದ ಕಥೆಗಳು ಬಹುಮಟ್ಟಿಗೆ ಅಧಿಕಾರ, ಪ್ರತಿಸ್ಪರ್ಧೆ, ದಂಗೆಗಳ ಕಥೆಗಳಾದುದು ಇದರಿಂದ ಅರ್ಥವಾಗುತ್ತದೆ.

ಬ್ರಾನ್‌ವೆಲ್ಲನ ಚರಿತ್ರೆಗೆ ಇನ್ನೂ ಒಂದು ಬೆಲೆಯುಂಟು. ಲೀಡ್ಸಿನ ಪೆಟ್ಟಿಗೆಯೇ ಮೊದಲನೆಯದಲ್ಲವೆಂದೂ, ಅದಕ್ಕೆ ಹಿಂದೆಯೂ ಮುಂದೆಯೂ ಬೇರೆ ಪೆಟ್ಟಿಗೆಗಳು ಮನೆಗೆ ಬಂದುವೆಂದೂ, ಅವು ಮುರಿದು, ಕಳೆದು, ಸುಟ್ಟು ನಾಶವಾದುವೆಂದೂ ಅವನು ಕ್ರಮವಾಗಿ ತಿಳಿಸುತ್ತಾನೆ. ಸಂಗ್ರಹಕಾರನು ಬರೆದಿಡಬೇಕಾದ ಪಟ್ಟಿಯೆಂದರೆ ಇದೇ. ಬರೆದವನು ಹದಿಮೂರು ವರ್ಷದ ಹುಡುಗ. ಸಿಪಾಯಿಗಳ ಉಡುಪನ್ನು ವರ್ಣಿಸುವಾಗ, ಒಬ್ಬೊಬ್ಬನಿಗೂ ಒಂದೇ ಪಾದರಕ್ಷೆಯೆಂದೂ, ಅದು ದುಂಡನೆಯ ಚಪ್ಪಟೆ ರೊಟ್ಟಿಯಂತಿದ್ದು, ಅದರ ನಡುವಿನ ಎರಡು ತೂತುಗಳಲ್ಲಿ ಎರಡು ಪಾದಗಳೂ ಸಿಕ್ಕಿಕೊಂಡಿದ್ದುವೆಂದೂ ಹೇಳಿದ್ದಾನೆ. ಕಥೆಯೊಳಗೆ ಇದು ವಿಚಿತ್ರವಾದ ಪಾದರಕ್ಷೆ. ವಸ್ತುತಃ ಬೊಂಬೆಯು ಬೀಳದಂತೆ ನಿಲ್ಲಿಸುವ ಮರದ ಬಿಲ್ಲೆ. ಕಳೆದುಹೋದ ಆಟಿಕೆಯ ರಚನೆಯನ್ನು ಕಾವ್ಯಕಲ್ಪನೆಯೊಳಗಿನಿಂದಲೇ ಹೀಗೆ ಹೊರತೆಗೆಯಬಹುದು.

ಈ ಆಟದ ಫಲವೇನೆಂಬುದು ಮುಂದಿನ ಪ್ರಶ್ನೆ. ಆ ಕಾಲದ ಬ್ಲಾಕ್‌ವುಡ್ ಮಾಸಪತ್ರಿಕೆಯನ್ನು ಓದುತ್ತಿದ್ದ ಮಕ್ಕಳು ತಮ್ಮ ಸಿಪಾಯಿಗಳಿಗೂ ಒಂದು ಪತ್ರಿಕೆಯನ್ನು ಹೊರಡಿಸಿದರು. 1829ರಲ್ಲಿ ಅದನ್ನು ಆರಂಭಿಸಿದವನು ಬ್ರಾನ್‌ವೆಲ್. ಕೆಲವು ತಿಂಗಳಲ್ಲೇ ಸಂಪಾದಕತ್ವವು ಷಾರ್ಲಟಳ ಕೈಸೇರಿತು. ಓದುಗರು ಮರದ ಸಿಪಾಯಿಗಳಾದುದರಿಂದ ಪುಸ್ತಕವೂ ಅವರ ಅಳತೆಯದೇ ಆಗಬೇಕಾಯಿತು. 1830ರ ಸಂಚಿಕೆಗಳ ಅಳತೆ ಸುಮಾರು 35 ಮಿಲಿಮೀಟರ್ ಅಗಲ, 61 ಮಿಲಿಮೀಟರ್ ಉದ್ದ. ಅಚ್ಚಿನ ಅಕ್ಷರವನ್ನು ಅನುಕರಿಸಿದ ಬರೆವಣಿಗೆ ಎಷ್ಟು ಸಣ್ಣದೆಂದರೆ ಭೂತಗಾಜಿಲ್ಲದೆ ಓದುವುದು ಕಷ್ಟ. ಆ ವರ್ಷದ ಆರು ಸಂಚಿಕೆಗಳಲ್ಲಿ ಉಳಿದಿರುವುದೆಂದು ತಿಳಿದುಬಂದವು ಐದು. ಅವುಗಳಲ್ಲಿ ಒಂದನ್ನು 2019ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಆರು ಲಕ್ಷ ಯೂರೋಗಳಿಗೆ, ಶುಲ್ಕಗಳು ಬೇರೆ, ಹಾವರ್ತಿನ ಬ್ರಾಂಟೆ ವಸ್ತುಸಂಗ್ರಹಾಲಯವು ಕೊಂಡು ತಂದಿತು. ಅದರಲ್ಲಿ, ಅಪರಾಧದಿಂದ ಬುದ್ಧಿ ಕೆಟ್ಟವನೊಬ್ಬನ ತಲೆಯೊಳಗಿನ ಬೆಂಕಿಯು ಹಾಸಿಗೆಯ ಪರದೆಗಳಿಗೆ ತಗಲುವ ಪ್ರಸಂಗವಿದೆ. 1847ರಲ್ಲಿ ಪ್ರಕಟವಾದ ‘ಜೇನ್ ಏರ್’ ಕಾದಂಬರಿಯಲ್ಲಿ ಹುಚ್ಚುಹಿಡಿದ ಹೆಂಡತಿಯು ಗಂಡನ ಹಾಸಿಗೆಗೆ ಬೆಂಕಿಯಿಡುವ ಪ್ರಸಂಗವನ್ನು ಪಾಠ ಹೇಳಿದ ಉಪಾಧ್ಯಾಯರು ಈ ಹೋಲಿಕೆಯನ್ನು ಒಡನೆಯೇ ಗುರುತಿಸಬಲ್ಲರು.

ಸಿಪಾಯಿಗಳು ಮುರಿದುಹೋದ ಮೇಲೂ ಅವರ ರಾಜ್ಯವು ಉಳಿಯಿತು. 1831ರಲ್ಲಿ ಷಾರ್ಲಟ್ ಪಾಠಶಾಲೆಗೆ ಹೋದಾಗ, ಎಮಿಲಿಯೂ ಆನಳೂ ಬೇರೆಯಾಗಿ ಗೊಂಡಾಲ್ ಎಂಬ ದ್ವೀಪವನ್ನು ಕಲ್ಪಿಸಿಕೊಂಡರು. ಷಾರ್ಲಟಳೂ ಬ್ರಾನ್‌ವೆಲ್ಲನೂ 1834ರಿಂದ ಆಂಗ್ರಿಯವೆಂಬ ಹೊಸ ರಾಜ್ಯವನ್ನು ಕಟ್ಟಿದರು. ಅಲ್ಲಿಯ ನಾಯಕನು ಮರದ ವೆಲಿಂಗ್‌ಟನ್ನನ ಮಗನೇ. ಎಮಿಲಿಯಾದರೋ 1845ರಲ್ಲಿ, ತನ್ನ 27ನೆಯ ವರ್ಷದ ದಿನಚರಿಯ ಹಾಳೆಯಲ್ಲಿಯೂ, ಗೊಂಡಾಲಿನವರ ಯೋಗಕ್ಷೇಮವನ್ನು ಬರೆದಿದ್ದಾಳೆ. ಆ ದ್ವೀಪದ ಗದ್ಯಕಥೆಗಳು ನಷ್ಟವಾಗಿವೆ, ಪದ್ಯಗಳು ನಿಂತಿವೆ.

ಷಾರ್ಲಟಳ ಬೊಂಬೆಗೆ ಹೆಸರಾದ ವೆಲಿಂಗ್‌ಟನ್ ಕನ್ನಡನಾಡಿಗೆ ಅಪರಿಚಿತನಲ್ಲ. ಅವನು ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು; ಪಟ್ಟಣವು ಬಿದ್ದ ಮೇಲೆ ಅದರ ಆಡಳಿತವನ್ನು ವಹಿಸಿದನು; 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಸೋಲಿಸಿದನು. ಅದೇ ಮುತ್ತಿಗೆಯ ಕೊಳ್ಳೆಯಲ್ಲಿ ಟಿಪ್ಪು ಸುಲ್ತಾನನ ಯಂತ್ರದ ಹುಲಿಯೂ ಸಿಕ್ಕಿತು. ಬಣ್ಣ ಬಳಿದ ಮರದ ಹುಲಿಯೊಂದು ಕೆಳಗೆ ಬಿದ್ದ ಯೂರೋಪಿಯನ್ನನ ಕೊರಳನ್ನು ಹಿಡಿದಿದೆ. ಹಿಡಿಯನ್ನು ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯನು ಕೈಯೆತ್ತಿ ನರಳುತ್ತಾನೆ. 1808ರಿಂದ ಲಂಡನ್ನಿನಲ್ಲಿ ಕಂಪೆನಿಯವರು ಇದನ್ನು ಪ್ರದರ್ಶಿಸಿದರು. ಈಗ ಅದು ಅಲ್ಲಿಯ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇವೆರಡು ಆಟಿಕೆಗಳ ಗತಿಯನ್ನು ತೂಗಿನೋಡಬೇಕು. ಹಾವರ್ತಿನಲ್ಲಿ ವಸ್ತುವು ಹೋಯಿತು, ಆಡಿದವರ ಮಾತು ಉಳಿಯಿತು. ಶ್ರೀರಂಗಪಟ್ಟಣದ ವಸ್ತು ಉಳಿಯಿತು. ಆದರೆ ಅದನ್ನು ಕುರಿತು ಲೋಕಕ್ಕೆ ಮೊದಲು ಹೇಳಿದವರು ಗೆದ್ದವರು, ಸೋತವನ ಅಹಂಕಾರಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿದವರು. ವಸ್ತು ಮಾತ್ರ ಉಳಿದರೆ, ಅದರ ಅರ್ಥವನ್ನು ಅದು ಯಾರ ಕೈಸೇರಿತೋ ಅವರೇ ನಿರ್ಣಯಿಸುವರು.

ನಮ್ಮ ನಾಡಿನ ಸಂಗತಿಯನ್ನೂ ಇಲ್ಲಿ ನೆನೆಯುವುದು ಉಚಿತ. ಹಳೆಯ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳ ಕೆಳಗಿನ ಸಾಲಿನಲ್ಲಿ ಜಂಬೂಸವಾರಿಯ ಆನೆ, ಕುದುರೆ, ರಾವುತ, ಕಾಲಾಳುಗಳನ್ನು ನಿಲ್ಲಿಸುವ ವಾಡಿಕೆಯುಂಟು. ಚನ್ನಪಟ್ಟಣದ ಕುಶಲಿಗಳು ಹಾಲೆಯ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಮಾಡಿದ ಬೊಂಬೆಗಳೂ ಇವುಗಳಲ್ಲಿ ಸೇರುವುವು. ಇವು ತಾಯಿಯಿಂದ ಮಗಳಿಗೆ ಬಂದು, ವರ್ಷಕ್ಕೊಂದೆರಡು ಸೇರುತ್ತ ಬೆಳೆದ ಸಂಗ್ರಹಗಳು. ಯಾವ ಬೊಂಬೆ ಯಾವ ಊರಿನದು, ಯಾರ ಮದುವೆಯಲ್ಲಿ ಬಂದಿತು, ರಾವುತನ ಪೇಟ ಯಾರು ಹೊಸದಾಗಿ ಬಣ್ಣ ಹಾಕಿದ್ದು ಎಂಬುದು ಮನೆಯ ಹಿರಿಯ ಮುತ್ತೈದೆಯ ನೆನಪಿನಲ್ಲಿ ಮಾತ್ರ ಇರುವುದು. ಆಕೆಯೊಡನೆ ಆ ನೆನಪೂ ಹೋದರೆ, ಪೆಟ್ಟಿಗೆಯಲ್ಲಿ ಉಳಿಯುವುದು ಹೆಸರಿಲ್ಲದ ಮರ.

ಬ್ರಾಂಟೆಯವರ ಸ್ಮರಣೆಗಾಗಿ 1893ರಲ್ಲಿ ಒಂದು ಸಂಘವು ಸ್ಥಾಪಿತವಾಗಿ, 1928ರಲ್ಲಿ ಆ ಪಾದ್ರಿಯ ಮನೆಯನ್ನೇ ವಸ್ತುಸಂಗ್ರಹಾಲಯವನ್ನಾಗಿ ಮಾಡಿತು. ಅಷ್ಟು ದೊಡ್ಡ ಪ್ರಯತ್ನವು ಎಲ್ಲೆಡೆಯೂ ಸಾಧ್ಯವಾಗದು. ಪಾಠಶಾಲೆಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ತಮ್ಮ ತಮ್ಮ ಮನೆಯ ಬೊಂಬೆಗಳ ಪಟ್ಟಿಯನ್ನು, ಹಿರಿಯರನ್ನು ಕೇಳಿ, ಊರು ಮತ್ತು ಇಸವಿಯ ಸಹಿತ ಬರೆಯಿಸಿದರೆ ಸಾಕು. ಅದಕ್ಕೆ ಬೇಕಾದುದು ಒಂದು ಕಾಗದವೂ ಒಂದು ಸಂಜೆಯ ಹೊತ್ತೂ ಮಾತ್ರ. ಹದಿಮೂರು ವರ್ಷದ ಬ್ರಾನ್‌ವೆಲ್ ಮಾಡಿದುದು ಇಷ್ಟೇ. ಅವನ ಸಿಪಾಯಿಗಳನ್ನು ಕುರಿತು ಈ ಪುಟಗಳಲ್ಲಿ ಬರೆಯುವುದು ಸಾಧ್ಯವಾದುದು ಅದರಿಂದಲೇ.